ಮಾರ್ಚ್ ತಿಂಗಳ ಹದಿಮೂರನೆಯ ಹಂದಿ

ಮಾರ್ಚ್ ೪, ಮಂಗಳವಾರ

ಹೊಸ ಹುಡುಗಿ ಕೆಲಸಕ್ಕೆ ಸೇರಿದಳು. ಹೆಸರು ಕೋರಾ. ಇಪ್ಪತ್ತಾರು ವರ್ಷವಂತೆ. ವಿಸ್ಕಾನ್ಸಿನ್ ಕಡೆ ಎರಡು ವರ್ಷ ಹಸು ನೋಡಿಕೊಂಡಿದ್ದೆ ಅಂದಳು. ಅವಳ ಕೈ ನೋಡಿ, "ಯಾವ ಹಸು? ಮರದ್ದಾ?" ಎಂದು ಕೇಳಿದೆ. ನಕ್ಕಳು. ನಾನು ನಗಲಿಲ್ಲ.

"ಯಾರು ಸಿಕ್ಕಿದ್ರೆ ಅವರನ್ನ ತಗೋಬೇಕಮ್ಮಾ," ಎಂದ ನನ್ನ ಮಗ ವರ್ಲಿನ್.

"ದಾರೀಲಿ ಬಿದ್ದಿರೋ ಕಸ ಬಂದ್ರೂ?"

"ಕಸ ಸ್ನಾನ ಮಾಡ್ಕೊಂಡು ಬಂದ್ರೆ ತಗೋತೀನಿ."

ನಲವತ್ತಾರು ವರ್ಷದ ಗಂಡಸು. ಹೆಂಡತಿ ಬಿಟ್ಟು ಓಮಾಹಾಕ್ಕೆ ಹೋದಳು, ತಲೆಕೂದಲೂ ಹೋಯಿತು, ಉಳಿದದ್ದು ಈ ಚೇಷ್ಟೆ ಮಾತು ಮಾತ್ರ. ಆದರೂ ಅವನು ಹೇಳಿದ್ದು ಸುಳ್ಳಲ್ಲ. ಚಳಿಗಾಲದಲ್ಲಿ ಹಂದಿಗಳಿಗೆ ಭೇದಿ ರೋಗ ಬಂದು, ಸತ್ತ ಎರಡು ಸಾವಿರ ಮರಿಗಳನ್ನು ಸಲಿಕೆಯಲ್ಲಿ ಎತ್ತಿ ಹಾಕಿದ ಮೇಲೆ ಇದ್ದ ಮೂವರು ಆಳುಗಳೂ ಓಡಿಹೋದರು. ಹನ್ನೆರಡು ನೂರು ತಾಯಿ ಹಂದಿಗಳಿಗೆ ಈಗ ವರ್ಲಿನ್, ನಾನು, ಮತ್ತು ಎಲಿಸಿಯೊ. ಎಲಿಸಿಯೊ ಗ್ವಾಟೆಮಾಲದವನು, ಒಂಬತ್ತು ವರ್ಷದಿಂದ ಇದ್ದಾನೆ. ಮಾತು ಕಡಿಮೆ, ಅದೇ ಅವನ ದೊಡ್ಡ ಗುಣ.

ಹುಡುಗಿಗೆ ಸ್ನಾನದ ಕೋಣೆ ತೋರಿಸಿದೆ. ಅದನ್ನು ದಾಟದೆ ನಮ್ಮ ಶೆಡ್ಡಿಗೆ ಯಾರೂ ಹೋಗುವಂತಿಲ್ಲ. ಹೊರಗಿನ ಬಟ್ಟೆ ಹೊರಗೇ ಬಿಚ್ಚಿಟ್ಟು, ತಲೆಯಿಂದ ಪಾದದವರೆಗೆ ತೊಳೆದುಕೊಂಡು, ಆಚೆ ಬಾಗಿಲಲ್ಲಿ ನಾನು ಒಗೆದಿಟ್ಟ ಬಟ್ಟೆ ತೊಟ್ಟು ಒಳಗೆ ಹೋಗಬೇಕು. ಊಟದ ಡಬ್ಬಿ, ಕನ್ನಡಕ ಮುಂತಾದವು ಗೋಡೆಯ ಸಣ್ಣ ಕಿಟಕಿಯಿಂದ ದಾಟುತ್ತವೆ. ಸ್ಪಿರಿಟ್ಟಿನಲ್ಲಿ ಒರೆಸಿ ದಾಟಿಸುವವಳು ನಾನು. ನಮಗೆ ಹಂದಿ ಸಾಕಲು ಕೊಟ್ಟಿರುವ ಕಂಪನಿಯಿಂದ ತಪಾಸಣೆಗೆ ಬರುವ ಷುಟ್ ಕೂಡ ಮದುವೆಯುಂಗುರ ಬಿಚ್ಚಿ ನನ್ನ ಕೈಗೆ ಕೊಟ್ಟೇ ಒಳಗೆ ಹೋಗಿದ್ದಾನೆ. ರೋಗವಾಗಲಿ ಧೂಳಾಗಲಿ ನನ್ನ ಕಣ್ಣು ತಪ್ಪಿಸಿ ಆ ಗೋಡೆ ದಾಟಲಾರದು.

ಹುಡುಗಿಗೆ ಸಕ್ಕರೆ ಕಾಯಿಲೆಯಂತೆ. ಸೊಂಟಕ್ಕೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ತೋರಿಸಿದಳು, ಮೈಗೆ ಇನ್ಸುಲಿನ್ ಹನಿಸುವುದಂತೆ.

"ಇದಿಲ್ದಿದ್ರೆ ತಲೆ ಸುತ್ತಿ ಬಿದ್ಬಿಡ್ತೀನಿ, ಅಮ್ಮಾವ್ರೇ."

"ಬಿದ್ರೆ ಪಕ್ಕಕ್ಕೆ ಬೀಳು. ಹಂದಿ ಮೇಲೆ ಬೀಳ್ಬೇಡ," ಎಂದು ಒರೆಸಿ ದಾಟಿಸಿದೆ.

ಮಾರ್ಚ್ ೭, ಶುಕ್ರವಾರ

ಬಡಕಲು ಮರಿಗಳನ್ನು ತೀರಿಸುವುದನ್ನು ಹುಡುಗಿಗೆ ಕಲಿಸಿದೆ. ಬದುಕಲಾರದ ಮರಿಯನ್ನು ಹಿಂಗಾಲು ಹಿಡಿದೆತ್ತಿ, ತಲೆ ಸಿಮೆಂಟಿಗೆ ಬಡಿಯುವಂತೆ ಒಂದೇ ಏಟು. ಮದುವೆಯಾಗಿ ಈ ಮನೆಗೆ ಬಂದ ವಾರದಲ್ಲೇ ಮಾವ ನನಗಿದನ್ನು ಕಲಿಸಿದ್ದರು. ಕೊಲ್ಲುವುದಾದರೆ ಕೊಲ್ಲು, ನರಳಿಸಬೇಡ. ಅವರು ಹೇಳಿದ್ದು ಅಷ್ಟೇ. ನನ್ನ ಕೈಯಲ್ಲಿ ಎರಡನೆಯ ಏಟು ತಿಂದ ಮರಿ ಇಲ್ಲ.

ಹುಡುಗಿ ಮೆಲ್ಲಗೆ ಬಡಿದಳು. ಮರಿ ಒದ್ದಾಡಿತು. ಕಿತ್ತುಕೊಂಡು ನಾನೇ ಮುಗಿಸಿದೆ.

"ಅಯ್ಯೋ ಪಾಪ ಅಂತ ಅರ್ಧ ಏಟು ಹೊಡೆದ್ಯಲ್ಲ, ಅದೇ ಪಾಪ," ಅಂದೆ. "ಹೆದರೋ ಕೈ ಇದ್ಯಲ್ಲ, ಅದರಷ್ಟು ಕ್ರೂರ ಯಾವ್ದೂ ಇಲ್ಲ."

"ಬೇರೆ ದಾರಿ ಇಲ್ವಾ ಅಮ್ಮಾವ್ರೇ?"

"ಇದೆ. ಮನೆಗೆ ಹೋಗಿ ಹೂವಿನ ಅಂಗಡಿ ಇಡು."

ಮಧ್ಯಾಹ್ನ ಮುಖ ಬಿಳಿಚಿಕೊಂಡಿತ್ತು. ಸಕ್ಕರೆ ಇಳಿದಿರಬೇಕೆಂದು ಬಾದಾಮಿ ರೊಟ್ಟಿಯ ಎರಡು ತುಂಡು ಕಿಟಕಿಯಿಂದ ದಾಟಿಸಿದೆ. ಸತ್ತರೆ ಪೊಲೀಸಿನವರಿಗೆ ಯಾರು ಉತ್ತರ ಹೇಳುವುದು.

ಮಾರ್ಚ್ ೧೪, ಶುಕ್ರವಾರ

ಹುಡುಗಿ ಹಂದಿಗಳ ಕಿವಿ ಕೆರೆಯುತ್ತ ನಿಲ್ಲುತ್ತಾಳೆ. ಕಂಬಿಗಳ ನಡುವೆ ಒಂದೊಂದು ಹಂದಿಯೂ ಒಂದೇ ಕಡೆ ಮುಖ ಮಾಡಿ ನಿಂತಿರುತ್ತದೆ, ತಿರುಗಲು ಜಾಗವಿಲ್ಲ. ತಿರುಗಿದರೆ ಮರಿಗಳ ಮೇಲೆ ಮಲಗುತ್ತದೆ, ಮರಿ ಸಾಯುತ್ತದೆ. ಇಷ್ಟು ಸರಳ ವಿಷಯ.

"ಇದಕ್ಕೆ ಹೆಸರಿದ್ಯಾ ಅಮ್ಮಾವ್ರೇ?"

"ಕಿವೀಲಿ ಬರೆದಿದೆ. ನಾಲ್ಕು ನಾಲ್ಕು ಒಂದು ಏಳು."

"ಅದು ನಂಬರ್ರು."

"ಊಟದ ತಟ್ಟೆಗೆ ಬರೋದಕ್ಕೆ ಹೆಸರಿಟ್ಟೋರು ಯಾರಾದ್ರೂ ಇದ್ದಾರಾ?"

ಎಲಿಸಿಯೊ ಆಚೆ ಸಾಲಿನಲ್ಲಿ ತಲೆ ತಗ್ಗಿಸಿ ನಗುತ್ತಿದ್ದ. ಅವನೂ ಕೆಲವಕ್ಕೆ ಹೆಸರಿಟ್ಟಿದ್ದಾನೆ, ನನಗೆ ಗೊತ್ತು. ಒಂದನ್ನು ಅಲ್ಬೆರ್ತಾ ಎಂದು ಕರೆಯುತ್ತಾನಂತೆ. ಅದು ನನ್ನ ಹೆಸರು. ವರ್ಲಿನ್ ಬಂದು ಚಾಡಿ ಹೇಳಿದ. ಯಾವುದಕ್ಕೆ ಇಟ್ಟಿದ್ದಾನೆ ಎಂದು ಕೇಳಿದೆ. ಬೇರೆಯವುಗಳ ಮೇವಿಗೆ ಬಾಯಿ ಹಾಕುವ ಹಂದಿಗಂತೆ. ಕೇಳಿಸದಂತೆ ಇದ್ದುಬಿಟ್ಟೆ.

ಮಾರ್ಚ್ ೨೬, ಬುಧವಾರ

ಹಾಳಾದ ದಿನ. ಸಾಲು ಬದಲಿಸುವಾಗ ನಾಲ್ಕು ನಾಲ್ಕು ಒಂದು ಏಳು ಜಾರಿ ಬಿದ್ದು ಹಿಂಗಾಲು ಮುರಿದುಕೊಂಡಿತು. ಮೂಳೆ ಹೊರಗೆ ಕಾಣುತ್ತಿತ್ತು. ಎಲಿಸಿಯೊ ಹಣೆಗೆ ಒತ್ತಿ ಒಂದೇ ಏಟಿಗೆ ಹಂದಿ ಮುಗಿಸುವ ಬೋಲ್ಟ್ ಪಿಸ್ತೂಲು ತಂದ.

ವರ್ಲಿನ್ ಸಾವಿನ ಲೆಕ್ಕದ ಕಾರ್ಡು ನೋಡಿ, "ಈ ತಿಂಗಳು ಹನ್ನೆರಡಾಗಿದೆ ಅಮ್ಮಾ," ಎಂದ.

ತಿಂಗಳಿಗೆ ಹನ್ನೆರಡು ತಾಯಿ ಹಂದಿ ಸಾಯಬಹುದು. ಹದಿಮೂರಾದರೆ ಕಂಪನಿಯವರು ಕೆಂಪು ಗುರುತು ಹಾಕುತ್ತಾರೆ. ಫೆಬ್ರುವರಿಯಲ್ಲಿ ಒಂದು ಬಿದ್ದಿದೆ. ಸತತವಾಗಿ ಎರಡು ಬಿದ್ದರೆ ಕರಾರು ಹೋದಂತೆ. ಹಂದಿ ಕಂಪನಿಯದು, ಮೇವು ಕಂಪನಿಯದು. ಶೆಡ್ಡು ನಮ್ಮದು, ವಾಸನೆಯೂ ನಮ್ಮದು. ಹಂದಿ ಕೊಂಡೊಯ್ದರೆ ಉಳಿಯುವುದು ಆ ಎರಡೇ.

ಐದು ದಿನ ಕಳೆದರೆ ಏಪ್ರಿಲ್. ಹೆಣ ಐದು ದಿನ ಇಟ್ಟರೆ ನಾರುತ್ತದೆ, ಜೀವವಿರುವುದು ನಾರದು. ಹಾಗೇ ಹಿಂದಿನ ಓಣಿಗೆ ಎಳೆದು ಹಾಕಲು ಹೇಳಿದೆ. ಆಮೇಲೆ ಏಪ್ರಿಲ್ ಕಾರ್ಡಿನಲ್ಲಿ ಬರೆದರಾಯಿತು. ಈ ಸೀಮೆಯಲ್ಲಿ ಇದನ್ನು ಮಾಡದವರು ಯಾರಿದ್ದಾರೆ? ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುವ ಎಲ್ಲರೂ ತಿಂಗಳ ಕೊನೆಗೆ ಹಂದಿ ಸಾಯದಂತೆ ನೋಡಿಕೊಳ್ಳುತ್ತಾರೆ.

ಎಲಿಸಿಯೊ ಪಿಸ್ತೂಲು ಹಿಡಿದು ನಿಂತೇ ಇದ್ದ. "ಈಗ ಮುಗಿಸ್ತೀನಿ ಅಮ್ಮಾವ್ರೇ. ಒಂದು ನಿಮಿಷ."

"ಹೇಳಿದಷ್ಟು ಮಾಡು."

ಕಾಲಿಗೆ ಹಗ್ಗ ಕಟ್ಟಿ ಎಳೆದ. ಹುಡುಗಿ ಗೋಡೆಗೆ ಒರಗಿ ನೋಡುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಸುಮ್ಮನೆ ನಿಲ್ಲುವವರನ್ನು ಕಂಡರೆ ನನಗಾಗದು ಎಂದು ಗದರಿದೆ.

ಮಾರ್ಚ್ ೨೮, ಶುಕ್ರವಾರ

ಎಲಿಸಿಯೊ ಬಕೆಟ್ಟಿನಲ್ಲಿ ನೀರು ಹಿಡಿದು ಹಿಂದಿನ ಓಣಿಗೆ ಹೋಗುವುದನ್ನು ಕಂಡೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಡುತ್ತಾನಂತೆ.

"ಸಾಯೋದಕ್ಕೆ ಯಾಕೋ ನೀರು?"

"ಇನ್ನೂ ಸತ್ತಿಲ್ಲ ಅಮ್ಮಾವ್ರೇ."

ಮರಿಗಳ ಬಾಲ ಕತ್ತರಿಸುವ ಕೆಲಸ ಅರ್ಧಕ್ಕೆ ನಿಂತಿತ್ತು. ಬೈದು ಕಳಿಸಿದೆ.

ಮಾರ್ಚ್ ೩೦, ಭಾನುವಾರ

ಮೇವು ನೀರು ಬಿಟ್ಟರೆ ಭಾನುವಾರ ನಮ್ಮ ಶೆಡ್ಡಿನಲ್ಲಿ ಬೇರೆ ಕೆಲಸವಿಲ್ಲ. ಪಾದ್ರಿ ಒಂದೂಕಾಲು ಗಂಟೆ ಮಾತಾಡಿದರು. ಮೂರು ಪೆಪ್ಪರ್‌ಮಿಂಟ್ ಮುಗಿದರೂ ಪ್ರವಚನ ಮುಗಿಯಲಿಲ್ಲ. ಕರುಣೆಯ ವಿಷಯ. ಕರುಣೆಯ ಬಗ್ಗೆ ಮಾತಾಡುವವರು ಕೇಳುವವರ ಬೆನ್ನಿಗೂ ಸ್ವಲ್ಪ ಕರುಣೆ ತೋರಬೇಕು.

ಬಟಾಣಿ ಸಾರು ಮಾಡಿದೆ. ಸೇರಲಿಲ್ಲ.

ಏಪ್ರಿಲ್ ೧, ಮಂಗಳವಾರ

ಬೆಳಿಗ್ಗೆ ಆರಕ್ಕೆ ಎಲಿಸಿಯೊ ಅದನ್ನು ಮುಗಿಸಿದ. ಕಾರ್ಡಿನಲ್ಲಿ ಬರೆದೆ: ಏಪ್ರಿಲ್ ೧, ಕಾಲು ಮುರಿತ, ಅದೇ ದಿನ ಮುಕ್ತಿ. ಅಕ್ಷರ ಚೆನ್ನಾಗಿ ಬಂದಿದೆ.

ಏಪ್ರಿಲ್ ೧೧, ಶುಕ್ರವಾರ

ಹುಡುಗಿ ಕೆಲಸ ಬಿಟ್ಟಳು. ತಾಯಿಗೆ ಹುಷಾರಿಲ್ಲವಂತೆ. ಡಬ್ಬಿಯನ್ನು ಕೊನೆಯ ಸಲ ಕಿಟಕಿಯಿಂದ ದಾಟಿಸಿ ಕೊಟ್ಟೆ. ಕಲಿತಿದ್ದಳು, ಆ ಮಾತು ಒಪ್ಪಬೇಕು. ಕಳೆದ ವಾರ ಹೆರಿಗೆಯಲ್ಲಿ ಸಿಕ್ಕಿಕೊಂಡ ಮರಿಯನ್ನು ಒಬ್ಬಳೇ ತೆಗೆದಳು. ಹೋಗುವಾಗ ನನ್ನ ಕೈ ಹಿಡಿದು, "ನೀವು ನಂಗೆ ಒಳ್ಳೇದೇ ಮಾಡಿದ್ರಿ ಅಮ್ಮಾವ್ರೇ," ಅಂದಳು. ಅಳುಮೋರೆ. ಬಾದಾಮಿ ರೊಟ್ಟಿಯ ಪೊಟ್ಟಣ ಕೊಟ್ಟು, ದಾರಿಯಲ್ಲಿ ತಲೆ ಸುತ್ತಿದರೆ ತಿನ್ನು ಎಂದೆ.

ಮೇ ೬, ಮಂಗಳವಾರ

ಅವಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಆ ಡಬ್ಬಿಯಲ್ಲಿ ಕ್ಯಾಮೆರಾ ಇತ್ತು. ಪ್ರಾಣಿಗಳ ಪರ ಹೋರಾಡುವ ಯಾವುದೋ ಸಂಘದವರು ಅವಳನ್ನು ಸಂಬಳ ಕೊಟ್ಟು ಕಳಿಸಿದ್ದರಂತೆ. ಮಧ್ಯಾಹ್ನದ ವಾರ್ತೆಯಲ್ಲಿ ನಮ್ಮ ಶೆಡ್ಡು ಬಂತು. "ಅಯೋವಾದ ನರಕ" ಎಂದು ಹೆಸರು. ನರಕಕ್ಕೆ ಇಷ್ಟು ಸೋಪು ಖರ್ಚಾಗುತ್ತದೆಯೇ ಎಂದು ಅವರನ್ನು ಕೇಳಬೇಕು.

ಐದೂವರೆ ವಾರ, ದಿನಕ್ಕೆ ಎರಡು ಸಲ, ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒಳಗೆ ದಾಟಿಸಿದವಳು ನಾನು. ಗಾಜು ಮಸುಕಾಗಿರಬಾರದೆಂದು ಹತ್ತಿಯಿಂದ ಬೇರೆ ಉಜ್ಜಿದ್ದೆ. ಕ್ರಿಮಿ ಬರಬಾರದೆಂದು ನಲವತ್ತು ವರ್ಷ ಕಾದ ಕಿಟಕಿ.

ಹಾವಿಗೆ ಹಾಲೆರೆದರೆ ಹಾವಾದರೂ ಹಾವಿನಂತೆ ಕಾಣುತ್ತದೆ.

ಮೇ ೭, ಬುಧವಾರ

ಫೋನ್ ಬಾಯಿ ಮುಚ್ಚುತ್ತಿಲ್ಲ. ಕ್ಯಾಲಿಫೋರ್ನಿಯಾದಿಂದ ಒಬ್ಬಳು, ನಿನ್ನನ್ನೂ ಕಂಬಿಯೊಳಗೆ ಹಾಕಬೇಕು ಅಂದಳು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದೆ. ಓಟ್ಸ್ ಅಂತೆ. ಅದನ್ನು ಬೆಳೆಯುವಾಗ ನೇಗಿಲಿಗೆ ಸಿಕ್ಕು ಎಷ್ಟು ಇಲಿ ಸತ್ತವು ಎಂದು ಕೇಳಿದೆ. ಫೋನ್ ಇಟ್ಟಳು. ಇನ್ನೊಬ್ಬ ಗಂಡಸು ಹಂದಿಯ ಹಾಗೆ ಕೂಗಿದ, ಅಷ್ಟೇ. ಅವನ ಅಮ್ಮ ಅವನನ್ನು ಓದಿಸಿರಬೇಕು, ಪಾಪ.

ವಿಡಿಯೋ ನಾನು ನೋಡಿಲ್ಲ. ನನ್ನ ಶೆಡ್ಡಿನಲ್ಲಿ ಏನಿದೆ ಎಂದು ತಿಳಿಯಲು ನನಗೆ ಕಳ್ಳಿಯ ಕಣ್ಣು ಬೇಕಿಲ್ಲ.

ಮೇ ೯, ಶುಕ್ರವಾರ

ಕಂಪನಿಯ ಷುಟ್ ಬಂದ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತ. ಹಲ್ಲು ಬಹಳ ಬಿಳಿ. ಅಷ್ಟು ಬಿಳಿ ಹಲ್ಲಿನವನಿಂದ ಹಳೆಯ ಟ್ರ್ಯಾಕ್ಟರನ್ನೂ ಕೊಳ್ಳಬಾರದು.

"ಎಲ್ಲರೂ ಒಂದೇ ತುಣುಕು ನೋಡ್ತಿದಾರೆ ಅಮ್ಮಾವ್ರೇ. ಕಾಲು ಮುರಿದ ಹಂದಿ. ಆರು ದಿನ. ಅದನ್ನ ಎಳೀತಾ ಇರೋನ ಮುಖ ಚೆನ್ನಾಗಿ ಕಾಣುತ್ತೆ."

"ಎಲಿಸಿಯೊ."

"ಹ್ಞೂಂ. ಅವನಿಗೆ ತರಬೇತಿ ಕೊಟ್ಟಿದೀವಿ, ಅವನ ಸಹಿ ಇದೆ. ನಿಯಮ ಮುರಿದೋನು ಅವನು. ನಿಮಗೆ ಗೊತ್ತೇ ಇರ್ಲಿಲ್ಲ, ಗೊತ್ತಾದ ತಕ್ಷಣ ಕೆಲಸದಿಂದ ತೆಗೆದ್ರಿ. ಶೆಡ್ಡು ನಿಮ್ಮ ಹೆಸರಲ್ಲಿರೋದ್ರಿಂದ ನಿಮ್ಮ ಸಹಿ ಬೇಕು. ಅಷ್ಟಾದ್ರೆ ಕರಾರು ಉಳಿಯುತ್ತೆ."

"ಆಗ್ದಿದ್ರೆ?"

"ಇಪ್ಪತ್ತೆಂಟನೇ ತಾರೀಕು ಲಾರಿ ಬರ್ತವೆ, ಹಂದಿ ತುಂಬ್ಕೊಂಡು ಹೋಗ್ತವೆ."

"ಅವನ ಗತಿ?"

ಷುಟ್ ಭುಜ ಕುಣಿಸಿದ. ಎಲಿಸಿಯೊನ ಕಾಗದಪತ್ರ ಸರಿಯಿಲ್ಲ ಎಂಬುದು ಇಡೀ ಊರಿಗೆ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಕೇಸು ಬಿದ್ದರೆ ಜೈಲು, ಜೈಲಿನಿಂದ ನೇರವಾಗಿ ಗಡಿಯಾಚೆ. ಅವನ ಹೆಂಡತಿ ರೂಫೀನಾ, ಇಬ್ಬರು ಹೆಣ್ಣುಮಕ್ಕಳು ಇಲ್ಲೇ ಉಳಿಯುತ್ತಾರೆ.

"ಇನ್ನೊಂದು ದನಿ ಕೇಳುತ್ತಲ್ಲಾ?" ಎಂದು ವರ್ಲಿನ್ ಕೇಳಿದ, ನನ್ನ ಕಡೆ ನೋಡದೆ.

"ಮುಖ ಇಲ್ಲ. ಬರೀ ದನಿ. ಹೆಂಗಸೋ ಗಂಡಸೋ ಅನ್ನೋದೂ ಗೊತ್ತಾಗಲ್ಲ," ಎಂದು ಷುಟ್ ನಕ್ಕ.

ಕಾಗದ ಬಿಟ್ಟುಹೋಗಿದ್ದಾನೆ. ಅವನ ಲೋಟ ಎರಡು ಸಲ ತೊಳೆದೆ.

ಮೇ ೧೦, ಶನಿವಾರ

ವಿಡಿಯೋ ನೋಡಿದೆ. ಆರು ನಿಮಿಷ.

ಮೊದಲು, ಇದು ಬೇರೆಯವರ ಶೆಡ್ಡು ಅನ್ನಿಸಿತು. ನಮ್ಮದು ಅಷ್ಟು ಕತ್ತಲೆಯಿಲ್ಲ. ಆಮೇಲೆ ನಾನು ಒಗೆದ ಬಟ್ಟೆ ಕಂಡಿತು. ಎಲಿಸಿಯೊನ ತೋಳಿನ ತೇಪೆ ನಾನು ಹಾಕಿದ್ದು.

ಅವನು ಎಳೆಯುತ್ತಿದ್ದಾನೆ. ಹಂದಿಯ ಬಾಯಿ ತೆರೆದಿದೆ. ದಿನಾ ಹನ್ನೆರಡು ನೂರು ಹಂದಿ ಕೂಗುವುದನ್ನು ಕೇಳುವ ಕಿವಿಗೆ ಒಂದು ಕೂಗು ಬೇರೆಯಾಗಿ ಕೇಳಿಸುವುದಿಲ್ಲ. ಇದರಲ್ಲಿ ಬೇರೆ ಎಲ್ಲ ಸದ್ದನ್ನೂ ಇಳಿಸಿ ಅದೊಂದನ್ನೇ ಬಿಟ್ಟಿದ್ದಾರೆ. ಮೋಸ. ಆಮೇಲೆ ಒಂದು ದನಿ: "ಮಾರ್ಚ್ ತುಂಬಿದೆ. ಏಪ್ರಿಲ್ ಒಂದಕ್ಕೆ ಸಾಯ್ಲಿ."

ಯಾರಿದು ಈ ಮುದುಕಿ, ಒಣಕಲು ದನಿ, ಎಂದುಕೊಂಡೆ.

ಅಕ್ಷರಶಃ ಹಾಗೆಯೇ ಅಂದಿದ್ದೇನೆಯೇ? ಈ ಪುಸ್ತಕದಲ್ಲಿ ಇಪ್ಪತ್ತಾರನೇ ತಾರೀಕು ತೆಗೆದು ನೋಡಿದೆ. ಅಂದದ್ದನ್ನು ಬರೆದಿಲ್ಲ. ಎಲ್ಲವನ್ನೂ ಬರೆಯುತ್ತೇನೆ ಎಂದುಕೊಂಡಿದ್ದೆ.

ಕೊನೆಗೆ ಅವಳು, ಆ ಹಂದಿ, ಕಂಬಿಗಳ ಹಿಂದೆ ಬಿದ್ದಿರುವುದನ್ನು ಒಂದೊಂದು ದಿನದ ತಾರೀಕು ಹಾಕಿ ತೋರಿಸಿದ್ದಾರೆ. ಎಲಿಸಿಯೊ ನೀರು ಕೊಟ್ಟದ್ದು ಎಲ್ಲಿಯೂ ಇಲ್ಲ. ಕಳ್ಳಿಗೆ ಅದು ಬೇಕಿರಲಿಲ್ಲ. ಅರ್ಧ ಸತ್ಯ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹ್ಯ.

ಮೇ ೧೧, ಭಾನುವಾರ

ಚರ್ಚಿನಲ್ಲಿ ಎಲ್ಲರೂ ನನ್ನ ಕೈ ಒತ್ತಿದರು. "ನಾಳೆ ನಮ್ಮ ಮನೆಗೂ ಬರಬಹುದು, ಧೈರ್ಯವಾಗಿರಿ." "ನಿಮ್ಮದೇನು ತಪ್ಪು, ಆ ಪರದೇಶಿ ಮಾಡಿದ್ದಕ್ಕೆ." ಮುಂದಿನ ಬೆಂಚಿನ ಒಬ್ಬಳು, ಅವಳ ಗಂಡ ತಿಂಗಳ ಕೊನೆಯಲ್ಲಿ ಹಂದಿಗಳನ್ನು ಎಲ್ಲಿ ಅಡಗಿಸುತ್ತಾನೆಂದು ನನಗೆ ಗೊತ್ತು, "ಅವರಿಗೆ ಪ್ರಾಣಿ ಅಂದ್ರೆ ನಮ್ಮ ಹಾಗೆ ಅಲ್ವಲ್ಲಾ" ಎಂದು ಕಣ್ಣೊರೆಸಿಕೊಂಡಳು.

ಎಲ್ಲರಿಗೂ ಸಮಾಧಾನವಾಗಿದೆ. ಮುಖ ನಮ್ಮದಲ್ಲವಲ್ಲ.

ಮೇ ೧೨, ಸೋಮವಾರ

ಎಲಿಸಿಯೊನ ಮನೆಗೆ ಹೋದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಊರ ಹೊರಗಿನ ತಗಡಿನ ಮನೆ. ಒಳಗೆ ನನ್ನ ಅಡುಗೆಮನೆಗಿಂತ ಚೊಕ್ಕಟ. ಇದರಿಂದ ನನಗೇಕೆ ಸಿಟ್ಟು ಬಂತೋ ತಿಳಿಯದು.

ಎರಡು ಪೆಟ್ಟಿಗೆ ಕಟ್ಟಿಟ್ಟಿದ್ದ. ರೂಫೀನಾ ನನ್ನತ್ತ ನೋಡದೆ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಅಂಗೈಯಿಂದ ಅಂಗೈಗೆ, ಚಟಪಟ, ನನ್ನ ಕೆನ್ನೆಗೆ ಹೊಡೆದ ಹಾಗೆ.

"ಎಲ್ಲಿಗೋ ಹೊರಟಿದ್ದೀಯ?"

"ಗೊತ್ತಿಲ್ಲ ಅಮ್ಮಾವ್ರೇ. ಪೊಲೀಸ್ ಬರೋ ಮೊದಲು."

"ನಾನು ಹೇಳಿದ್ದಕ್ಕೆ ಎಳೆದೆ ಅಂತ ಯಾಕೆ ಹೇಳಲ್ಲ?"

ಅವನು ನಕ್ಕ. ಆ ನಗೆ ನನಗೆ ಹಿಡಿಸಲಿಲ್ಲ. "ಯಾರಿಗೆ ಹೇಳ್ಲಿ? ನನ್ನ ಮುಖ ಇದೆ. ಹಗ್ಗ ನನ್ನ ಕೈಲಿದೆ."

"ಆವತ್ತು ಪಿಸ್ತೂಲೂ ನಿನ್ನ ಕೈಲೇ ಇತ್ತು. ನನ್ನ ಮಾತು ಮೀರಿ ಹೊಡೆದಿದ್ರೆ ಮುಗೀತಿತ್ತು."

ರೂಫೀನಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ನಮ್ಮ ಭಾಷೆ ಅವಳಿಗೆ ಬರುವುದಿಲ್ಲ ಎಂದುಕೊಂಡಿದ್ದೆ.

"ಮಾತು ಮೀರಿದ್ರೆ ಕೆಲಸ ಇಟ್ಕೊಳ್ತಿದ್ರಾ ಅಮ್ಮಾವ್ರೇ?" ಅಂದಳು.

ಆಳುಗಳ ಹೆಂಡಿರಿಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ಮುಂದಿನ ಸೋಮವಾರದವರೆಗೆ ಪೆಟ್ಟಿಗೆ ಬಿಚ್ಚಿಡು, ಎಲ್ಲೂ ಹೋಗಬೇಡ ಎಂದು ಎಲಿಸಿಯೊನಿಗೆ ಹೇಳಿ ಬಂದೆ. ಏಕೆ ಸೋಮವಾರ ಅಂದೆನೋ.

ಮೇ ೧೪, ಬುಧವಾರ

ಆಳಿಲ್ಲದ ಶೆಡ್ಡು. ವರ್ಲಿನ್ ಮತ್ತು ನಾನು, ಇಬ್ಬರೇ. ಮೂರನೆಯ ಸಾಲಿನಲ್ಲಿ ಒಬ್ಬಳು ಮುಂಗಾಲು ಊರುತ್ತಿಲ್ಲ. ಕೆಲಸ ಮುಗಿದ ಮೇಲೂ ಅವಳ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ, ಗೊರಸು ನೋಡಲು. ಕಿವಿಯ ಹಿಂದೆ ಚರ್ಮ ಒರಟಾಗಿ, ಬಿಸಿಯಾಗಿರುತ್ತದೆ. ಡಾಕ್ಟರನ್ನು ಕರೆಸು ಎಂದು ವರ್ಲಿನ್‌ಗೆ ಹೇಳಿದೆ.

"ಒಂದು ಹಂದಿ ಕಾಲಿಗೆ ಡಾಕ್ಟ್ರಾ? ಏನಮ್ಮಾ, ನೀನೂ ಸೊಂಟಕ್ಕೆ ಡಬ್ಬಿ ಸಿಕ್ಕಿಸ್ಕೊಂಡಿದೀಯಾ?"

"ಬಾಯ್ಮುಚ್ಚು."

"ಕಾಗದಕ್ಕೆ ಸಹಿ ಮಾಡು, ಬಾಯ್ಮುಚ್ತೀನಿ. ಅಪ್ಪ ಇದ್ದಿದ್ರೆ ಆವತ್ತೇ ಮಾಡಿರ್ತಿದ್ದ."

"ನಿಮ್ಮಪ್ಪ ಇದ್ದಿದ್ರೆ ಆ ಹಂದೀನ ಇಪ್ಪತ್ತಾರಕ್ಕೇ ಮುಗಿಸಿರ್ತಿದ್ದ."

"ಬೇಡ ಅಂದಿದ್ದು ನೀನಲ್ವಾ?"

"ಹೌದು. ಹನ್ನೆರಡಾಗಿದೆ ಅಂತ ಕಾರ್ಡು ತೋರಿಸಿದ್ದು ನೀನು."

ಮಗ ನನ್ನ ಮುಖವನ್ನೇ ನೋಡಿದ. ಮೂರು ತಲೆಮಾರಿನ ಜಾಗ ಇದು, ಒಬ್ಬ ಗ್ವಾಟೆಮಾಲದವನಿಗಾಗಿ ಕಳೆಯುತ್ತೀಯಾ ಎಂದು ಕೇಳಿದ. ಅವನಿಗಾಗಿ ಯಾರು ಏನು ಮಾಡುತ್ತಿದ್ದಾರೆ? ಒಬ್ಬ ಆಳಿನ ಬೆನ್ನ ಹಿಂದೆ ಅಡಗಿಕೊಳ್ಳಲು ನನಗಿನ್ನೂ ಅಷ್ಟು ದಾರಿದ್ರ್ಯ ಬಂದಿಲ್ಲ. ಆ ಷುಟ್ ನನ್ನ ದನಿಯನ್ನು ಹೆಂಗಸೋ ಗಂಡಸೋ ಗೊತ್ತಾಗುವುದಿಲ್ಲ ಅಂದ. ಎಪ್ಪತ್ತೆರಡು ವರ್ಷ ಈ ದನಿಗೆ ಹೆದರದವರು ಈ ಸೀಮೆಯಲ್ಲಿ ಯಾರೂ ಇರಲಿಲ್ಲ. ಇದೆಲ್ಲ ಅದಕ್ಕೇ ಹೊರತು ಬೇರೆ ಯಾವುದಕ್ಕೂ ಅಲ್ಲ.

ಡಾಕ್ಟರಿಗೆ ನಾನೇ ಫೋನ್ ಮಾಡಿದೆ.

ಮೇ ೧೬, ಶುಕ್ರವಾರ

ನನಗೆ ಊಟ ಸೇರದು. ಮೂರನೆಯ ಸಾಲಿನವಳು ಮುಂಗಾಲು ಸ್ವಲ್ಪ ಊರುತ್ತಿದ್ದಾಳೆ.

ಮೇ ೧೯, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಪೊಲೀಸ್ ಕಚೇರಿಗೆ ಹೋದೆ. ಚರ್ಚಿಗೆ ತೊಡುವ ನೀಲಿ ಕೋಟು ಹಾಕಿಕೊಂಡಿದ್ದೆ. ವರ್ಲಿನ್ ಲಾರಿಯ ಬೀಗದ ಕೈ ಕೊಡಲಿಲ್ಲ. ಪಕ್ಕದವರನ್ನು ಕೇಳುವುದಕ್ಕಿಂತ ನಡೆಯುವುದು ವಾಸಿ. ಮೂರು ಮೈಲಿ.

ಮೇಜಿನ ಹಿಂದೆ ಬ್ರ್ಯಾಂಟ್. ಚರ್ಚಿನಲ್ಲಿ ನನ್ನ ಭಾನುವಾರದ ತರಗತಿಯಲ್ಲಿದ್ದ ಹುಡುಗ. ಹತ್ತು ಆಜ್ಞೆಗಳಲ್ಲಿ ಏಳರ ಆಚೆ ನೆನಪಿಟ್ಟವನಲ್ಲ. ಈಗ ಸೊಂಟದಲ್ಲಿ ಪಿಸ್ತೂಲು.

"ಬನ್ನಿ ಅಮ್ಮಾ. ಕಾಫಿ ಕುಡೀತೀರಾ?"

"ನೀನು ಮಾಡಿದ್ದಾ?"

"ಹೌದು."

"ಹಾಗಾದ್ರೆ ಬೇಡ."

ಷುಟ್ ಟೈಪ್ ಮಾಡಿಸಿದ ಕಾಗದದ ಪ್ರತಿ ಅವನ ಬಳಿಯೂ ಇತ್ತು. ನನ್ನ ಮುಂದೆ ಸರಿಸಿದ. "ಕಂಪನಿಯೋರು ಕಳ್ಸಿದಾರೆ. ಇಲ್ಲಿ ಒಂದು ಸಹಿ. ಐದು ನಿಮಿಷದ ಕೆಲಸ. ಆ ಎಲಿಸಿಯೊನ ಮಧ್ಯಾಹ್ನ ಕರ್ಕೊಂಡ್ ಬರ್ತೀವಿ."

"ಇದನ್ನ ತೆಗಿ. ಹೊಸ ಹಾಳೆ ತಗೋ."

ತೆಗೆದುಕೊಂಡ. ತರಗತಿಯಲ್ಲಿ ಕಲಿತದ್ದು ಅಷ್ಟಾದರೂ ಉಳಿದಿತ್ತು.

"ವಿಡಿಯೋದಲ್ಲಿ ಏಪ್ರಿಲ್ ಒಂದಕ್ಕೆ ಸಾಯ್ಲಿ ಅಂತಾರಲ್ಲ, ಆ ದನಿ ನಂದು. ಎಳೆಯೋಕೆ ಹೇಳಿದ್ದೂ ನಾನೇ. ಎಲಿಸಿಯೊ ಈಗ್ಲೇ ಮುಗಿಸ್ತೀನಿ ಅಂದ, ನಾನು ಬೇಡ ಅಂದೆ. ಕಾರ್ಡಲ್ಲಿ ಸುಳ್ಳು ಬರೆದಿದ್ದೂ ನಾನೇ."

ಬ್ರ್ಯಾಂಟ್ ಪೆನ್ನು ಕೆಳಗಿಟ್ಟ. "ಅಮ್ಮಾ, ಇದನ್ನ ಬರ್ಕೊಂಡ್ರೆ ಕೇಸು ನಿಮ್ಮ ಮೇಲೇ ಬೀಳುತ್ತೆ. ಕರಾರೂ ಹೋಗುತ್ತೆ. ಮೊದ್ಲು ವಕೀಲರನ್ನ ಕೇಳಿ."

"ನಿಂಗೆ ಬರೆಯೋಕೆ ಬರುತ್ತೆ ತಾನೇ?"

"ಬರುತ್ತೆ."

"ಬರಿ."

ಬರೆದ. ನಾಲಿಗೆ ಹೊರಗೆ ಹಾಕಿ ಬರೆಯುತ್ತಾನೆ, ಏಳು ವರ್ಷದವನಿದ್ದಾಗಿನ ಹಾಗೇ. ಮುಗಿಯಿತೆಂದು ಹಾಳೆ ತಿರುಗಿಸಲು ಹೋದ.

"ಇನ್ನೂ ಎರಡಿದೆ," ಅಂದೆ. "ಅವು ವಿಡಿಯೋದಲ್ಲಿಲ್ಲ."

"ವಿಡಿಯೋದಲ್ಲಿ ಇಲ್ದೇ ಇರೋದು ನಮಗೆ ಬೇಕಾಗಿಲ್ಲಮ್ಮಾ."

"ಇಲ್ಲ ಅಂತಲೇ ಹೇಳ್ತಿರೋದು. ಬರ್ಕೋ. ಎಲಿಸಿಯೊ ಆ ಹಂದಿಗೆ ದಿನಾ ಎರಡು ಸಲ ನೀರು ಕೊಟ್ಟ. ನಾನು ಬೈದೆ. ಆಮೇಲೂ ಕೊಟ್ಟಿರ್ತಾನೆ, ನಂಗೊತ್ತು ಅವನನ್ನ."

"ಸರಿ. ಇನ್ನೊಂದು?"

ಕೋಟಿನ ತೋಳು ಕೊಡವಿದೆ. ಮೂರು ಮೈಲಿ ಧೂಳು.

"ಮಾರ್ಚ್ ಇಪ್ಪತ್ತೊಂಬತ್ತು, ಶನಿವಾರ. ನಾಲ್ಕನೇ ದಿನ. ಊಟದ ಹೊತ್ತು, ಶೆಡ್ಡಲ್ಲಿ ಯಾರೂ ಇರ್ಲಿಲ್ಲ. ನಾನೊಬ್ಬಳೇ ಹಿಂದಿನ ಓಣಿಗೆ ಹೋದೆ. ಪಿಸ್ತೂಲು ಅಲ್ಲೇ ಗೋಡೇಲಿ ನೇತುಹಾಕಿತ್ತು. ಕೈ ಚಾಚಿದ್ರೆ ಸಿಕ್ತಿತ್ತು. ಅವಳು ನನ್ನ ನೋಡಿ ತಲೆ ಎತ್ತಿದ್ಲು. ಮೇವು ತಂದಿದೀನಿ ಅಂದ್ಕೊಂಡಿರ್ಬೇಕು. ನಾನು ಹೋಗಿದ್ದು ಬದುಕಿದ್ದಾಳಾ ಅಂತ ನೋಡೋಕೆ. ಬದುಕಿದ್ಲು. ಇನ್ನು ಮೂರು ದಿನ ತಡೀತಾಳೆ ಅನ್ನಿಸ್ತು. ದೀಪ ಆರಿಸಿ ಬಂದೆ."

ಬ್ರ್ಯಾಂಟ್ ಪೆನ್ನಿಗೆ ಮುಚ್ಚಳ ಹಾಕಿದ.

"ಇದು ಯಾರಿಗೂ ಗೊತ್ತಿಲ್ವಲ್ಲಮ್ಮಾ. ಯಾರೂ ಕೇಳೂ ಇಲ್ಲ. ಯಾಕೆ ಹೇಳ್ತೀರಿ?"

"ನಿನ್ನ ಕೆಲಸ ಬರೆಯೋದು. ಯಾಕೆ ಅಂತ ಕೇಳೋದು ಪಾದ್ರಿ ಕೆಲಸ."

ಬರೆದ. ಹಾಳೆಯನ್ನು ನನ್ನ ಮುಂದೆ ತಿರುಗಿಸಿದ. ಪೂರ್ತಿ ಓದಿದೆ, ಎರಡು ಸಲ. ಇಪ್ಪತ್ತೊಂಬತ್ತರ ಬದಲು ಇಪ್ಪತ್ತೆಂಟು ಎಂದು ಬರೆದಿದ್ದ. ತಿದ್ದಿಸಿದೆ. ಇನ್ನೂ ಒಂದೆರಡು ಕಡೆ ತಪ್ಪಿತ್ತು, ಬಿಟ್ಟುಬಿಟ್ಟೆ. ಕೆಳಗೆ ಸಹಿ ಮಾಡಿದೆ, ಪೂರ್ತಿ ಹೆಸರು, ಅಲ್ಬೆರ್ತಾ ರೂರ್ಡಾ.

ಹಾಳೆಯನ್ನು ಅವನ ಕಡೆ ಸರಿಸಿ, ಕೋಟಿನ ಗುಂಡಿ ಹಾಕಿಕೊಂಡು, ಮೂರನೆಯ ಸಾಲಿನವಳ ಕಾಲು ನೋಡಲು ಮನೆ ಕಡೆ ನಡೆದೆ.